ಸತ್ತರೆ ಮಾಯವಾಗೋ ಬಣ್ಣ: ಕುದುರೆ ನೊಣದ ಕಣ್ಣಿನ ಕಥೆ

ಇವತ್ತಿನ ಇತಿಹಾಸದ ಮಾತು ಒಂದು ನೊಣದ ಬಗ್ಗೆ. ಮೂಗು ಮುರೀಬೇಡಿ, ಈ ನೊಣಕ್ಕೆ ಗಾಯಕಿ ಬಿಯಾನ್ಸೆ ಹೆಸರಿದೆ!

1981ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ಕುದುರೆ ನೊಣ ಸಿಕ್ಕಿತು. ಪಿನ್ ಚುಚ್ಚಿ ಸಂಗ್ರಹದಲ್ಲಿ ಇಟ್ಟರು. ಸುಮಾರು 30 ವರ್ಷ ಅದು ಹೆಸರಿಲ್ಲದೆ ಹಾಗೇ ಕೂತಿತ್ತು. 2011ರಲ್ಲಿ ಬ್ರಯಾನ್ ಲೆಸಾರ್ಡ್ ಅನ್ನೋ ಯುವ ಸಂಶೋಧಕರು ಅದರ ಹೊಟ್ಟೆಯ ತುದಿಯಲ್ಲಿದ್ದ ಚಿನ್ನದ ಬಣ್ಣದ ಕೂದಲು ನೋಡಿ ‘ಸ್ಕ್ಯಾಪ್ಟಿಯಾ ಬಿಯಾನ್ಸೆಯೆ’ ಅಂತ ಹೆಸರಿಟ್ಟರು. 30 ವರ್ಷ ಕಳೆದರೂ ಆ ಚಿನ್ನದ ಬಣ್ಣ ಉಳಿದಿತ್ತು. ಆದರೆ ಕುದುರೆ ನೊಣಗಳ ಮೈಯಲ್ಲಿ ಅದಕ್ಕಿಂತ ಚೆಂದದ ಇನ್ನೊಂದು ಬಣ್ಣ ಇರುತ್ತೆ. ಅದು ಮಾತ್ರ ಪೆಟ್ಟಿಗೆಯೊಳಗೆ ಉಳಿಯಲ್ಲ. ಅದು ಕಣ್ಣಿನ ಬಣ್ಣ.

ಮೊದಲು ನೊಣದ ಪರಿಚಯ ಮಾಡ್ಕೊಳ್ಳೋಣ. ಕೆರೆ ಬದಿಯಲ್ಲಿ, ಕೊಟ್ಟಿಗೆ ಹತ್ತಿರ ದನ ಸುಮ್ಮಸುಮ್ಮನೆ ಕಾಲು ಒದರಿ, ಬಾಲ ಬೀಸ್ತಾ ಇದ್ದರೆ ಅಲ್ಲಿ ಈ ದಪ್ಪ ನೊಣ ಇರಬಹುದು. ಸೊಳ್ಳೆ ಸೂಜಿ ಚುಚ್ಚುತ್ತೆ, ಇದು ಚರ್ಮವನ್ನೇ ಕೊಯ್ದು, ಒಸರೋ ರಕ್ತ ನೆಕ್ಕುತ್ತೆ. ಕಚ್ಚೋದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಯೋಕೆ ಅದಕ್ಕೆ ರಕ್ತ ಬೇಕು. ಗಂಡು ಹೂವಿನ ಮಕರಂದ ಕುಡಿದು ಬದುಕುತ್ತೆ. ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಜಾತಿಗಳಿವೆ.

ನೊಣದ ಮುಖವನ್ನು ದೊಡ್ಡದು ಮಾಡಿ ಲೋಕಕ್ಕೆ ತೋರಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಬ್ಬರು. 1665ರಲ್ಲಿ ಬಂದ ಅವರ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಬೂದು ಬಣ್ಣದ ಒಂದು ನೊಣದ ತಲೆಯ ದೊಡ್ಡ ಚಿತ್ರ ಇದೆ. ತಲೆ ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಎರಡೂ ಕಣ್ಣಲ್ಲಿ ಸುಮಾರು 14,000 ಸಣ್ಣ ಸಣ್ಣ ಮುತ್ತಿನಂಥ ಮಸೂರ ಇವೆ ಅಂತ ಲೆಕ್ಕ ಹಾಕಿದರು. ಒಂದೊಂದರಲ್ಲೂ ತಮ್ಮ ಕಿಟಕಿ ಎದುರಿನ ದೃಶ್ಯ ಪ್ರತಿಫಲಿಸೋದನ್ನೂ ಕಂಡರು. ಆದರೆ ಅಚ್ಚಾಗಿದ್ದು ಕಪ್ಪು ಶಾಯಿಯಲ್ಲಿ. ಆಕಾರ ಸಿಕ್ಕಿತು, ಬಣ್ಣ ಸಿಗಲಿಲ್ಲ.

1758ರಲ್ಲಿ ಲಿನೇಯಸ್ ‘ಟಬಾನಸ್’ ಅನ್ನೋ ಕುಲದ ಹೆಸರು ಕೊಟ್ಟರು. 1803ರಲ್ಲಿ ಜರ್ಮನಿಯ ಮೈಗೆನ್ ಇನ್ನೆರಡು ಹೆಸರು ಸೇರಿಸಿದರು. ಒಂದು ‘ಹೆಮಟೊಪೋಟಾ’, ಅಂದ್ರೆ ರಕ್ತ ಕುಡಿಯೋದು. ಇನ್ನೊಂದು ‘ಕ್ರೈಸಾಪ್ಸ್’, ಅಂದ್ರೆ ಚಿನ್ನದ ಕಣ್ಣು. ನನಗೆ ಈ ಎರಡನೇ ಹೆಸರು ತುಂಬಾ ಇಷ್ಟ. ಜೀವಂತ ನೊಣದ ಹೊಳಪು ಹೆಸರಿನಲ್ಲೇ ಉಳಿದುಬಿಟ್ಟಿದೆ.

ಸರಿ, ಒಂದು ನೊಣದ ಗುರುತಿಗೆ ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋಬೇಕು? ಇದಕ್ಕೆ ಉತ್ತರ ನಮ್ಮ ಉಪಖಂಡದಲ್ಲೇ ಇದೆ. 1880ರಲ್ಲಿ, ಈಗ ಪಾಕಿಸ್ತಾನದಲ್ಲಿರೋ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳು ‘ಸರ್ರಾ’ ಅನ್ನೋ ರೋಗದಿಂದ ಸಾಯ್ತಾ ಇದ್ದವು. ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ ಅವುಗಳ ರಕ್ತದಲ್ಲಿ ಒದ್ದಾಡೋ ಸೂಕ್ಷ್ಮಜೀವಿ ಕಂಡರು. ಅದಕ್ಕೇ ಇವತ್ತು ಅದರ ಹೆಸರು ‘ಟ್ರಿಪನೊಸೋಮಾ ಇವಾನ್ಸಿ’. 1901ರಲ್ಲಿ ಲಿಯೊನಾರ್ಡ್ ರೋಜರ್ಸ್ ಪ್ರಯೋಗ ಮಾಡಿ, ರೋಗಿ ಪ್ರಾಣಿಯನ್ನು ಕಚ್ಚಿದ ಕುದುರೆ ನೊಣ ತಕ್ಷಣ ಇನ್ನೊಂದನ್ನು ಕಚ್ಚಿದರೆ ರೋಗ ದಾಟುತ್ತೆ ಅಂತ ತೋರಿಸಿದರು. ಇದು ಹಳೇ ಕಾಲದ ಕಥೆ ಅಂದ್ಕೋಬೇಡಿ. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನದಲ್ಲಿ 12 ಹುಲಿಗಳು ಸತ್ತಿದ್ದು ಇದೇ ಟ್ರಿಪನೊಸೋಮಾ ರೋಗದಿಂದ.

ಹಾಗಾಗಿ ಯಾವ ಊರಲ್ಲಿ ಯಾವ ನೊಣ ಇದೆ ಅಂತ ಪಟ್ಟಿ ಮಾಡೋ ಕೆಲಸ ಶುರುವಾಯ್ತು. ಲಂಡನ್ನಿನ ಸಂಗ್ರಹಾಲಯದಲ್ಲಿ ದುಡಿದ ಗರ್ಟ್ರೂಡ್ ರಿಕಾರ್ಡೊ ಅನ್ನೋ ಮಹಿಳೆ 1911ರಲ್ಲಿ ನಮ್ಮ ಭಾಗದ ಟಬಾನಸ್ ಜಾತಿಗಳ ದೊಡ್ಡ ಪರಿಶೀಲನೆ ಬರೆದರು. ಅದು ಪ್ರಕಟವಾಗಿದ್ದು ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ ಪತ್ರಿಕೆಯಲ್ಲಿ. ಇಂಥ ಕೆಲಸ ಬಹುಪಾಲು ನಡೆಯೋದು ಒಣಗಿದ ನೊಣಗಳನ್ನು ನೋಡಿ. ಒಣಗಿದ ನೊಣದ ಕಣ್ಣು ಮಂಕು ಕಂದು ಅಥವಾ ಕಪ್ಪು, ಅಷ್ಟೇ.

ಯಾಕೆ ಹೀಗೆ? 1968ರಲ್ಲಿ ಬರ್ನಾರ್ಡ್ ಮತ್ತು ಮಿಲ್ಲರ್ ಅನ್ನೋ ವಿಜ್ಞಾನಿಗಳು ಕಾರಣ ವಿವರಿಸಿದರು. ಈ ಕಣ್ಣಲ್ಲಿ ಹಸಿರು, ನೇರಳೆ ಬಣ್ಣ ಬಳಿದ ಹಾಗೆ ಇರಲ್ಲ. ಮಸೂರದ ಮೇಲ್ಮೈಯಲ್ಲಿ ಅತಿ ತೆಳುವಾದ ಪದರಗಳಿವೆ, ಬೆಳಕು ಅವುಗಳಿಗೆ ಬಡಿದು ವಾಪಸಾಗುವಾಗ ಬಣ್ಣ ಹುಟ್ಟುತ್ತೆ. ಸೋಪಿನ ಗುಳ್ಳೆ ಮೇಲೆ ಕಾಮನಬಿಲ್ಲು ಕಾಣ್ಸುತ್ತಲ್ಲ, ಹಾಗೇ. ನೊಣ ಸತ್ತು ಒಣಗಿದರೆ ಪದರಗಳ ದಪ್ಪ ಬದಲಾಗಿ ಬಣ್ಣ ಹೋಗುತ್ತೆ. ತೇವ ಕೊಟ್ಟರೆ ಕೆಲವು ಸಲ ಪಟ್ಟೆಗಳು ಮತ್ತೆ ಮೂಡೋದೂ ಉಂಟು.

ಈಗ ನಿಮ್ಮ ಜೇಬಿನ ಫೋನಿಗೆ ಬರೋಣ. ಸಂಗ್ರಹಾಲಯದ ಪೆಟ್ಟಿಗೆ ಉಳಿಸಿಕೊಳ್ಳಲಾಗದ ಬಣ್ಣವನ್ನು ಜೀವಂತ ನೊಣದ ಒಂದು ಫೋಟೊ ಉಳಿಸುತ್ತೆ. ಬೆಳಗಿನ ತಂಪಿನಲ್ಲಿ ನೊಣ ಚುರುಕಾಗಿರಲ್ಲ, ಆಗ ಹೋಗಿ. ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೇದು. ಇಷ್ಟು ಹತ್ತಿರದಲ್ಲಿ ಫೋಕಸ್ ಆಗೋದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಅದಕ್ಕೇ ಪರಿಣತರು ಫೋಕಸ್ ಚೂರುಚೂರೇ ಸರಿಸಿ ಹತ್ತಾರು ಫೋಟೊ ತೆಗೆದು, ಸಾಫ್ಟ್‌ವೇರ್‌ನಲ್ಲಿ ಒಂದಾಗಿ ಜೋಡಿಸ್ತಾರೆ. ಇದೇ ಫೋಕಸ್ ಸ್ಟ್ಯಾಕಿಂಗ್. ಫ್ಲಾಶ್ ಹಾಕೋದಾದರೆ ಮುಂದೆ ಒಂದು ಬಿಳಿ ಕಾಗದ ಹಿಡೀರಿ, ಇಲ್ಲಾಂದ್ರೆ ಕಣ್ಣು ಪೂರ್ತಿ ಬಿಳಿ ಹೊಳಪಾಗಿಬಿಡುತ್ತೆ.

ನಾಲ್ಕು ಫೋಟೊ ಸಾಕು: ಮುಖ ಎದುರಿಂದ, ಆಂಟೆನಾ ಪಕ್ಕದಿಂದ, ರೆಕ್ಕೆ, ಮೇಲಿಂದ ಬೆನ್ನು-ಹೊಟ್ಟೆ. ಎರಡು ಕಣ್ಣು ನೆತ್ತಿಯಲ್ಲಿ ಕೂಡಿದ್ದರೆ ಸಾಮಾನ್ಯವಾಗಿ ಗಂಡು, ನಡುವೆ ಜಾಗ ಇದ್ದರೆ ಹೆಣ್ಣು. ಹೆಚ್ಚಾಗಿ ತಿಳಿ ರೆಕ್ಕೆ, ಕಣ್ಣು ಒಂದೇ ಬಣ್ಣ ಅಥವಾ ಅಡ್ಡಪಟ್ಟೆ ಇದ್ದರೆ ಟಬಾನಸ್. ಬೂದು ರೆಕ್ಕೆ ತುಂಬಾ ಬಿಳಿ ಚುಕ್ಕಿ-ಗೆರೆ, ಕಣ್ಣಲ್ಲಿ ಅಂಕುಡೊಂಕು ಪಟ್ಟೆ ಇದ್ದರೆ ಹೆಮಟೊಪೋಟಾ. ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಉದ್ದ ಆಂಟೆನಾ, ಹೊಳೆಯೋ ಕಣ್ಣಲ್ಲಿ ಮಚ್ಚೆ ಇದ್ದರೆ ಕ್ರೈಸಾಪ್ಸ್. ಮೂರೂ ಭಾರತದಲ್ಲಿವೆ.

ಫೋಟೊದಿಂದಲೇ ಎಲ್ಲ ಆಗಲ್ಲ ಅನ್ನೋದೂ ನಿಜ. ಒಂದಕ್ಕೊಂದು ಹೋಲುವ ಜಾತಿಗಳಲ್ಲಿ ಹಣೆಯ ಅಗಲ, ಆಂಟೆನಾ ಆಕಾರ ಅಳೆಯೋಕೆ ಪಿನ್ನಿನ ಮೇಲಿನ ನೊಣವೇ ಬೇಕು. ಪೆಟ್ಟಿಗೆಯಲ್ಲಿರೋದು ಅಳತೆ, ಫೋಟೊದಲ್ಲಿರೋದು ಬಣ್ಣ. ಎರಡೂ ಸೇರಿದರೇ ಪೂರ್ತಿ ಗುರುತು.

ಆದ್ದರಿಂದ ಫೋಟೊ ಜೊತೆ ದಿನಾಂಕ, ಊರಿನ ಹೆಸರು, ಯಾವ ಪ್ರಾಣಿ ಮೇಲೆ ಕೂತಿತ್ತು ಅನ್ನೋದನ್ನ ಬರೆದಿಡಿ. ಇಲ್ಲದಿದ್ದರೆ ಅದು ಬರೀ ಚೆಂದದ ಚಿತ್ರ. ಬರೆದಿಟ್ಟರೆ ಅದೊಂದು ದಾಖಲೆ.