ಮೋಟಾರ್‌ಸೈಕಲ್ ಸ್ಟಾರ್ಟ್ ಆಗದಿರುವಿಕೆ: ವಿದ್ಯುತ್ ದೋಷಗಳು

ಬ್ಯಾಟರಿ, ವೈರಿಂಗ್ ಅಥವಾ ಇಗ್ನಿಷನ್ ಕೆಟ್ಟು ಎಂಜಿನ್ ಚಾಲೂ ಆಗದಿರುವ ಸ್ಥಿತಿ. ಪರೀಕ್ಷೆ ಬ್ಯಾಟರಿಯಿಂದಲೇ ಶುರುವಾಗಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಒತ್ತಿದಾಗ ರಿಲೇ ಬರೀ ಟಕಟಕ ಎಂದರೆ, ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ನೋಡುವುದು ಲೇಸು: ಬಿಳಿ-ಹಸಿರು ಕಿಲುಬು ಉಜ್ಜಿ, ಸಡಿಲ ಬೋಲ್ಟ್ ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಅಲ್ಲೇ ಸ್ಟಾರ್ಟ್ ಆಗುತ್ತವೆ. ಸದ್ದೇ ಬರದಿದ್ದರೆ ಫ್ಯೂಸ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳ ಸರದಿ. (ಕೆಂಪು ಕಿಲ್ ಸ್ವಿಚ್ ಆಫ್ ಆಗಿದ್ದುದನ್ನು ಗಮನಿಸದೆ ಗಾಡಿಯನ್ನು ಗ್ಯಾರೇಜಿನವರೆಗೆ ತಳ್ಳಿಕೊಂಡು ಬರುವವರೂ ಇದ್ದಾರೆ.) ಎಂಜಿನ್ ತಿರುಗಿಯೂ ಹತ್ತದಿದ್ದರೆ ಪ್ಲಗ್ಗಿನ ಕಿಡಿ ನೋಡಬೇಕು. ಬ್ಯಾಟರಿ ಪದೇ ಪದೇ ಇಳಿದರೆ ಅದನ್ನು ಚಾರ್ಜ್ ಮಾಡುವ ಸ್ಟೇಟರ್ ಇಲ್ಲವೇ ರೆಗ್ಯುಲೇಟರ್-ರೆಕ್ಟಿಫೈಯರ್ ಮೇಲೆ ಅನುಮಾನ. ಇವು ಸರಿಯಿದ್ದರೆ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 14 ವೋಲ್ಟ್ ಇರಬೇಕು.