ಲಾರಿ ಸಾಗಣೆ ನಿರ್ವಹಣಾ ತಂತ್ರಾಂಶ

ಲಾರಿಗೆ ಲೋಡ್ ಗೊತ್ತುಮಾಡುವುದು, ಗಾಡಿ ಎಲ್ಲಿದೆಯೆಂದು ತಿಳಿಯುವುದು, ಲಾರಿ ರಸೀದಿ (ಎಲ್‌ಆರ್) ಬರೆಯುವುದು, ಬಾಡಿಗೆಯ ಬಿಲ್ ಮಾಡುವುದು, ಚಾಲಕನ ಟ್ರಿಪ್ ಲೆಕ್ಕ ಮುಗಿಸುವುದು, ವಿಮೆ, ಎಫ್‌ಸಿ (ವಾಹನದ ಅರ್ಹತಾ ಪತ್ರ), ಪರ್ಮಿಟ್‌ಗಳ ಗಡುವು ನೆನಪಿಸುವುದು ಇತ್ಯಾದಿ ಕೆಲಸಗಳನ್ನು ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಮಾಡಿಕೊಡುವ ತಂತ್ರಾಂಶ. 1980ರ ದಶಕದಲ್ಲಿ ಅಮೆರಿಕದಲ್ಲಿ ವ್ಯಾಪಾರದ ಸರಕಾಗಿ ರೂಪುಗೊಂಡ ಇದು ಭಾರತದ ಸಣ್ಣ ಟ್ರಾನ್ಸ್‌ಪೋರ್ಟ್ ಕಚೇರಿಗಳನ್ನು ವ್ಯಾಪಕವಾಗಿ ಮುಟ್ಟಿದ್ದು 2017ರ ನಂತರ. ಎರಡೂ ಕಡೆ ಸಣ್ಣ ಮಾಲೀಕರನ್ನು ಇತ್ತ ತಳ್ಳಿದ್ದು ಲಾಭದ ಆಸೆಗಿಂತ ಹೆಚ್ಚಾಗಿ ಸರ್ಕಾರದ ನಿಯಮಗಳು.

‘ಸಣ್ಣ’ ಎಂಬುದಕ್ಕೆ ಭಾರತದಲ್ಲಿ ತೆರಿಗೆ ಕಾನೂನೇ ಒಂದು ಗೆರೆ ಎಳೆದಿದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮು ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ ವಿವರವಾದ ಲೆಕ್ಕಪುಸ್ತಕವಿಲ್ಲದೆ ಅಂದಾಜು ಆದಾಯ ತೋರಿಸುವ ಅವಕಾಶ ಕೊಟ್ಟಿತು. ಲೆಕ್ಕ ಇಡಲೇಬೇಕೆಂಬ ಒತ್ತಾಯ ಇಲ್ಲದ್ದರಿಂದ ಈ ವರ್ಗಕ್ಕೆ ಕಂಪ್ಯೂಟರಿನ ಅಗತ್ಯ ಬಹುಕಾಲ ಕಾಣಲಿಲ್ಲ.

ಕಾಗದದ ವ್ಯವಸ್ಥೆ

ಕಂಪ್ಯೂಟರ್ ಬರುವ ಮುನ್ನ ಬೆಂಗಳೂರಿನ ಕಲಾಸಿಪಾಳ್ಯದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಟ್ರಾನ್ಸ್‌ಪೋರ್ಟ್ ಕಚೇರಿಯ ಬಂಡವಾಳವೆಂದರೆ ಒಂದು ಫೋನು, ಎಲ್‌ಆರ್ ಪುಸ್ತಕ, ಟ್ರಿಪ್ ರಿಜಿಸ್ಟರ್ ಮತ್ತು ಗುಮಾಸ್ತನ ನೆನಪು. ಲಾರಿ ರಸೀದಿ, ಅಂದರೆ ಎಲ್‌ಆರ್, ಈ ವ್ಯವಸ್ಥೆಯ ಜೀವಾಳ. ಕಾರ್ಬನ್ ಹಾಳೆ ಇಟ್ಟು ಬರೆದ ಪ್ರತಿಗಳಲ್ಲಿ ಒಂದು ಸರಕು ಕಳಿಸುವವನಿಗೆ, ಒಂದು ಪಡೆಯುವವನಿಗೆ, ಒಂದು ಚಾಲಕನ ಕೈಗೆ, ಇನ್ನೊಂದು ಕಚೇರಿಗೆ. ಬಾಡಿಗೆ ಮೊದಲೇ ಸಂದಿದ್ದರೆ ‘ಪೇಯ್ಡ್’, ಮಾಲು ಬಿಡಿಸಿಕೊಳ್ಳುವವನು ಕೊಡುವುದಾದರೆ ‘ಟು ಪೇ’, ತಿಂಗಳ ಕೊನೆಗೆ ಬಿಲ್ ಮಾಡುವುದಾದರೆ ‘ಟಿಬಿಬಿ’ ಎಂದು ಗುರುತು. ಇಂದಿನ ತಂತ್ರಾಂಶಗಳ ಪರದೆಯ ಮೇಲೂ ಇದೇ ಮೂರು ಆಯ್ಕೆಗಳು ಉಳಿದುಕೊಂಡಿವೆ. ಕಾನೂನು ಸಹ ಕಾಗದವನ್ನೇ ನಂಬಿತ್ತು. 1865ರ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಂದು ಜಾರಿಯಾಯಿತು; ಸರಕು ಸ್ವೀಕರಿಸಿದ್ದಕ್ಕೆ ರಸೀದಿ ಕೊಡುವ ಹೊಣೆಯನ್ನು ಅದು ಸಾಗಣೆದಾರನ ಮೇಲೆ ಹೊರಿಸಿತು.

ಚಾಲಕ ಹೊರಡುವಾಗ ಡೀಸೆಲ್, ಟೋಲ್, ಬಾಟಾ, ಹಮಾಲಿಗೆಂದು ಅಡ್ವಾನ್ಸ್ ಪಡೆಯುತ್ತಿದ್ದ. ಊರಿಗೆ ಮರಳಿದ ಮೇಲೆ ಚೀಟಿಗಳನ್ನು ಮುಂದಿಟ್ಟು ಲೆಕ್ಕ ಒಪ್ಪಿಸುತ್ತಿದ್ದ. ಚೀಟಿ ಇಲ್ಲದ ಖರ್ಚಿನ ಮೇಲೆ ಮಾಲೀಕ–ಚಾಲಕರ ನಡುವೆ ನಡೆಯುತ್ತಿದ್ದ ವಾದಗಳೇ ಮುಂದೆ ತಂತ್ರಾಂಶದವರಿಗೆ ಒಳ್ಳೆಯ ಮಾರುಕಟ್ಟೆ ಒದಗಿಸಿದವು.

ಅಮೆರಿಕದಲ್ಲಿ ಆರಂಭ

1980ರ ಮೋಟಾರ್ ಕ್ಯಾರಿಯರ್ ಕಾಯ್ದೆ ಅಮೆರಿಕದ ಲಾರಿ ಉದ್ಯಮದ ಮೇಲಿದ್ದ ದರ ಹಾಗೂ ಮಾರ್ಗಗಳ ನಿಯಂತ್ರಣವನ್ನು ಸಡಿಲಿಸಿತು. ಹೊಸ ಸಣ್ಣ ಕಂಪನಿಗಳು ಹುಟ್ಟಿಕೊಂಡವು, ದರದ ಪೈಪೋಟಿ ಏರಿತು, ಖಾಲಿ ಗಾಡಿ ಓಡಿಸುವುದು ದುಬಾರಿಯಾಯಿತು. ಇದಕ್ಕೆ ಎರಡು ವರ್ಷ ಮೊದಲೇ, 1978ರಲ್ಲಿ, ಓರೆಗಾನಿನ ಪೋರ್ಟ್‌ಲೆಂಡಿನಲ್ಲಿದ್ದ ಜೂಬಿಟ್ಜ್ ಟ್ರಕ್ ತಂಗುದಾಣದಲ್ಲಿ ‘ಡಯಲ್ ಎ ಟ್ರಕ್’ ಎಂಬ ಲೋಡ್ ಮಾಹಿತಿ ಸೇವೆ ಶುರುವಾಗಿತ್ತು. ಇಂದಿನ ಡಿಎಟಿ ಲೋಡ್ ಬೋರ್ಡ್ ಅದರ ಮುಂದುವರಿಕೆ. ಕ್ಲೀವ್‌ಲೆಂಡಿನ ಟಿಎಂಡಬ್ಲ್ಯು ಸಿಸ್ಟಮ್ಸ್ (1983) ಮತ್ತು ಅಲಬಾಮದ ಬರ್ಮಿಂಗ್‌ಹ್ಯಾಮಿನ ಮೆಕ್ಲಿಯೋಡ್ ಸಾಫ್ಟ್‌ವೇರ್ (1985) ಲೋಡ್ ಹಂಚಿಕೆ, ಬಿಲ್ಲಿಂಗ್ ಮತ್ತು ಚಾಲಕರ ಸಂಬಳವನ್ನು ಒಂದೇ ಕಡತಕ್ಕೆ ತಂದವು.

1988ರಲ್ಲಿ ಕ್ವಾಲ್‌ಕಾಮ್ ತಂದ ಆಮ್ನಿಟ್ರಾಕ್ಸ್ ಉಪಗ್ರಹದ ಮೂಲಕ ಓಡುವ ಲಾರಿಗೆ ಸಂದೇಶ ಮುಟ್ಟಿಸಿತು. ಷ್ನೈಡರ್ ನ್ಯಾಷನಲ್‌ನಂಥ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. ಹತ್ತು ಗಾಡಿಯವನಿಗೆ ಅದರ ಬೆಲೆ ಎಟುಕಲಿಲ್ಲ. ಅಲ್ಲಿನ ಸಣ್ಣ ಮಾಲೀಕರು ಗಾಡಿಯೊಳಗೆ ಯಂತ್ರ ಇಟ್ಟುಕೊಳ್ಳುವಂತಾಗಿದ್ದು 2017ರ ಡಿಸೆಂಬರ್ 18ರಂದು ಜಾರಿಯಾದ ಎಲೆಕ್ಟ್ರಾನಿಕ್ ಲಾಗ್ ನಿಯಮದಿಂದ. ಸರಕು ಲಾರಿಯ ಚಾಲಕ ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸಬಾರದೆಂಬ ಕಟ್ಟಳೆಗೆ ಅದುವರೆಗೆ ಕೈಬರಹದ ಲಾಗ್ ಪುಸ್ತಕ ಸಾಕ್ಷಿಯಾಗಿತ್ತು. ಎಂಜಿನ್ನಿಗೆ ಜೋಡಿಸಿದ ಸಾಧನ ಆ ಜಾಗ ಹಿಡಿದ ಮೇಲೆ ಅದೇ ಸಾಧನದ ಮಾಹಿತಿಯ ಮೇಲೆ ಅಗ್ಗದ ನಿರ್ವಹಣಾ ತಂತ್ರಾಂಶಗಳು ಬೆಳೆದವು.

ಭಾರತದ ಕಚೇರಿಗೆ ಕಂಪ್ಯೂಟರ್

ಭಾರತದಲ್ಲಿ ಕಂಪ್ಯೂಟರ್ ಲಾರಿ ಕಚೇರಿಯನ್ನು ಹೊಕ್ಕಿದ್ದು ಲೆಕ್ಕಪತ್ರದ ಬಾಗಿಲಿನಿಂದ. 1986ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ನೆಲೆ ಹೊಂದಿರುವ ಟ್ಯಾಲಿ ವ್ಯಾಪಾರಿಗಳ ಜೊತೆಗೆ ಸಾಗಣೆದಾರರನ್ನೂ ತಲುಪಿತು. ಆದರೆ ಟ್ಯಾಲಿಗೆ ಬಾಡಿಗೆಯ ಮೊತ್ತ ಗೊತ್ತಿತ್ತು, ಗಾಡಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆ ಕೊರತೆ ತುಂಬಲು ಎಲ್‌ಆರ್, ಲೋಡಿಂಗ್ ಶೀಟ್ ಮತ್ತು ಟ್ರಿಪ್ ಲೆಕ್ಕ ಮುದ್ರಿಸುವ ಪ್ಯಾಕೇಜುಗಳನ್ನು ಊರೂರಿನ ಪ್ರೋಗ್ರಾಮರುಗಳು ಬರೆದುಕೊಟ್ಟರು. ದೊಡ್ಡವರ ದಾರಿ ಬೇರೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಶಾಖೆಗಳ ಜಾಲವಾಗಿ ಬೆಳೆದಂತೆ ಸ್ವಂತ ತಂತ್ರಜ್ಞಾನ ವಿಭಾಗವನ್ನೇ ಕಟ್ಟಿಕೊಂಡಿತು. ಮೂರ್ನಾಲ್ಕು ಗಾಡಿಯವರಿಗೆ ಆ ದಾರಿ ಇರಲಿಲ್ಲ. 1995ರಲ್ಲಿ ದೇಶಕ್ಕೆ ಬಂದ ಮೊಬೈಲ್ ಫೋನು ಅಗ್ಗವಾದ ಮೇಲೆ ಅವರ ಡಿಸ್ಪ್ಯಾಚ್ ಪೂರ್ತಿ ಅದರ ಮೇಲೆಯೇ ನಡೆಯಿತು.

ಇ-ಸುಗಮ್‌ನಿಂದ ಇ-ವೇ ಬಿಲ್ಲಿಗೆ

ದೊಡ್ಡ ತಿರುವು ತೆರಿಗೆ ಇಲಾಖೆಯಿಂದ ಬಂತು, ಅದರಲ್ಲಿ ಕರ್ನಾಟಕದ ಪಾತ್ರ ಮುಖ್ಯವಾದುದು. ವ್ಯಾಟ್ ಕಾಲದಲ್ಲೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ್’ ವ್ಯವಸ್ಥೆ ತಂದಿತ್ತು. ವ್ಯಾಪಾರಿ ಸರಕಿನ ವಿವರವನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಿದರೆ ಒಂದು ವಿಶಿಷ್ಟ ಸಂಖ್ಯೆ ಸಿಗುತ್ತಿತ್ತು. ಚಾಲಕನ ಬಳಿ ಆ ಸಂಖ್ಯೆ ಇರಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮೊದಲ ದಿನಗಳಲ್ಲೇ 22 ರಾಜ್ಯಗಳು ಚೆಕ್‌ಪೋಸ್ಟ್ ತೆಗೆದವು. ತಪಾಸಣೆಯ ಹೊಣೆ, ಸರಕು ಸಾಗಿಸುವ ಮುನ್ನ ಆನ್‌ಲೈನಿನಲ್ಲಿ ಪಡೆಯಬೇಕಾದ ಇ-ವೇ ಬಿಲ್ಲಿಗೆ ಬಂತು. ಅದರ ಪೋರ್ಟಲನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕರ್ನಾಟಕ ಘಟಕ. 2017ರ ಸೆಪ್ಟೆಂಬರಿನಲ್ಲೇ ಕರ್ನಾಟಕ ಇದನ್ನು ಬಳಸತೊಡಗಿತು. ದೇಶಾದ್ಯಂತ 2018ರ ಫೆಬ್ರವರಿ 1ರಂದು ಜಾರಿಯಾಗಬೇಕಿದ್ದ ವ್ಯವಸ್ಥೆ ಮೊದಲ ದಿನವೇ ಕುಸಿದು ಮುಂದೂಡಲ್ಪಟ್ಟಿತು. ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಕಡ್ಡಾಯವಾಯಿತು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅನ್ವಯಿಸಿದ ಏಕೈಕ ರಾಜ್ಯ ಕರ್ನಾಟಕ.

50,000 ರೂಪಾಯಿ ಮೀರಿದ ಸರಕಿಗೆ ಬೇಕಾದ ಈ ಬಿಲ್ಲಿನಲ್ಲಿ ಎರಡು ಭಾಗ. ‘ಎ’ ಭಾಗದಲ್ಲಿ ಸರಕಿನ ವಿವರ, ‘ಬಿ’ ಭಾಗದಲ್ಲಿ ಗಾಡಿಯ ಸಂಖ್ಯೆ. ಎರಡನೆಯದು ಹೆಚ್ಚಾಗಿ ಟ್ರಾನ್ಸ್‌ಪೋರ್ಟ್ ಕಚೇರಿಯ ಪಾಲಿಗೆ ಬೀಳುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಲಾರಿ ದಾವಣಗೆರೆ ಬಳಿ ಕೆಟ್ಟು ನಿಂತರೆ, ಮಾಲನ್ನು ಬೇರೆ ಗಾಡಿಗೆ ಹೇರಿಸುವಾಗಲೇ ಕಚೇರಿಯವರು ‘ಬಿ’ ಭಾಗದಲ್ಲಿ ಹೊಸ ಸಂಖ್ಯೆ ತುಂಬಬೇಕು. ಬಿಲ್ಲಿನ ವಾಯಿದೆಯ ಲೆಕ್ಕ ಬೇರೆ. ಆರಂಭದಲ್ಲಿ 100 ಕಿ.ಮೀ.ಗೆ ಒಂದು ದಿನ ಇದ್ದದ್ದು 2021ರ ಜನವರಿ 1ರಿಂದ 200 ಕಿ.ಮೀ.ಗೆ ಒಂದು ದಿನವಾಯಿತು. ಸುಮಾರು 410 ಕಿ.ಮೀ.ನ ಈ ದಾರಿಗೆ ಮೊದಲು ಐದು ದಿನ ಸಿಗುತ್ತಿತ್ತು, ಈಗ ಮೂರು. ವಾಯಿದೆ ವಿಸ್ತರಿಸಲು ಅವಕಾಶವಿರುವುದು ಅದು ಮುಗಿಯುವ ಹೊತ್ತಿನ ಹಿಂದಿನ ಅಥವಾ ಮುಂದಿನ ಎಂಟು ಗಂಟೆಗಳಲ್ಲಿ ಮಾತ್ರ. ತಪ್ಪಿದರೆ ಗಾಡಿಯನ್ನೂ ಸರಕನ್ನೂ ತಡೆಹಿಡಿಯುವ ಅಧಿಕಾರ ಜಿಎಸ್‌ಟಿ ಕಾಯ್ದೆಯ 129ನೇ ಕಲಮಿನಲ್ಲಿದೆ.

ಎಂಟ್ಹತ್ತು ಪಾರ್ಟಿಗಳ ಮಾಲು ಒಂದೇ ಲಾರಿಯಲ್ಲಿ ಹೇರುವ ಪಾರ್ಸೆಲ್ ಕಚೇರಿಗೆ ಇಷ್ಟು ಗಡುವುಗಳನ್ನು ರಿಜಿಸ್ಟರಿನಲ್ಲಿ ನೋಡಿಕೊಳ್ಳುವುದು ಕಷ್ಟ. ಎಲ್‌ಆರ್ ಮಾಡಿದೊಡನೆ ಬಿಲ್ಲುಗಳನ್ನು ಎಳೆದುಕೊಂಡು, ಕ್ರೋಡೀಕೃತ ಬಿಲ್ ತಯಾರಿಸಿ, ವಾಯಿದೆ ಮುಗಿಯುವ ಮುನ್ನ ಎಚ್ಚರಿಸುವ ತಂತ್ರಾಂಶಕ್ಕೆ ಸಣ್ಣ ಕಚೇರಿಗಳೂ ದುಡ್ಡು ಕೊಡಲು ಮುಂದಾದವು.

ಫಾಸ್ಟ್ಯಾಗ್, ಜಿಪಿಎಸ್

2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಟೋಲ್ ಹಣವನ್ನು ಖಾತೆಯಿಂದ ನೇರವಾಗಿ ಕಳೆಯುವ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅಡ್ವಾನ್ಸಿನಿಂದ ಟೋಲ್ ಹಣ ಕಳಚಿಕೊಂಡಿತು. ಪ್ರತಿ ಟೋಲ್ ದಾಟಿದಾಗ ಮಾಲೀಕನ ಮೊಬೈಲಿಗೆ ಬರುವ ಸಂದೇಶ ಗಾಡಿ ಎಲ್ಲಿದೆಯೆಂಬುದನ್ನೂ ಹೇಳತೊಡಗಿತು. ಇದರ ಜೊತೆಗೆ ತೈಲ ಕಂಪನಿಗಳ ಫ್ಲೀಟ್ ಕಾರ್ಡುಗಳು ಡೀಸೆಲ್ ಲೆಕ್ಕವನ್ನೂ, ಅಗ್ಗದ ಜಿಪಿಎಸ್ ಸಾಧನಗಳು ಓಡಿದ ಕಿಲೋಮೀಟರನ್ನೂ ದಾಖಲಿಸಿದವು. ಮೂರನ್ನೂ ಒಟ್ಟಿಗೆ ಇಟ್ಟರೆ ಟ್ರಿಪ್ ಲೆಕ್ಕದ ಬಹುಪಾಲು ಚಾಲಕ ಮರಳುವ ಮೊದಲೇ ಸಿದ್ಧ. ಮಾಲೀಕರಿಗೆ ಇದು ಸೋರಿಕೆ ತಡೆ. ಚಾಲಕರಿಗೆ ಎಲ್ಲಿ ನಿಂತರೂ ಕಚೇರಿಯಿಂದ ಫೋನ್ ಬರುವ ಕಣ್ಗಾವಲು.

ಲೋಡ್ ಹುಡುಕುವ ಆ್ಯಪ್‌ಗಳು

2014–16ರ ನಡುವೆ ರಿವಿಗೊ, ಬೆಂಗಳೂರಿನ ಬ್ಲ್ಯಾಕ್‌ಬಕ್, ಲೆಟ್ಸ್‌ಟ್ರಾನ್ಸ್‌ಪೋರ್ಟ್, ವಾಹಕ್ ಮೊದಲಾದ ನವೋದ್ಯಮಗಳು ಬಂದವು. ಲೋಡ್ ಗೊತ್ತುಮಾಡಿಕೊಡುವ ಬ್ರೋಕರನ ನೆರವಿಲ್ಲದೆ ಲೋಡನ್ನೂ ಲಾರಿಯನ್ನೂ ನೇರವಾಗಿ ಕೂಡಿಸುವುದು ಇವುಗಳಲ್ಲಿ ಹಲವುಗಳ ಗುರಿ. ದಾರಿ ಸುಲಭವಾಗಿರಲಿಲ್ಲ. ಚಾಲಕರನ್ನು ಹಂತಹಂತಕ್ಕೆ ಬದಲಿಸಿ ಗಾಡಿ ನಿಲ್ಲದಂತೆ ಓಡಿಸುವ ಪದ್ಧತಿಗೆ ಹೆಸರಾದ ರಿವಿಗೊ ತನ್ನ ಎಕ್ಸ್‌ಪ್ರೆಸ್ ವ್ಯವಹಾರವನ್ನು 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್‌ಗೆ ಮಾರಿತು. 2015ರಲ್ಲಿ ಶುರುವಾದ ಬ್ಲ್ಯಾಕ್‌ಬಕ್‌ನ ಮಾತೃಸಂಸ್ಥೆ 2024ರ ನವೆಂಬರಿನಲ್ಲಿ ಷೇರುಪೇಟೆ ಸೇರಿತು. ಆ ಹೊತ್ತಿಗೆ ಅದರ ಆದಾಯದ ದೊಡ್ಡ ಪಾಲು ಬರುತ್ತಿದ್ದುದು ಲಾರಿ ಮಾಲೀಕರ ಟೋಲ್ ಮತ್ತು ಇಂಧನ ಪಾವತಿ ಹಾಗೂ ಜಿಪಿಎಸ್ ಚಂದಾದಿಂದ.

ಲೋಡ್ ಹಂಚಿಕೆ ಆ್ಯಪ್‌ಗೆ ಪೂರ್ತಿ ಒಗ್ಗದಿರುವುದಕ್ಕೆ ಕಾರಣವಿದೆ. ಬ್ರೋಕರ್ ಲೋಡ್ ಕೊಡುವುದರ ಜೊತೆಗೆ ಅಡ್ವಾನ್ಸ್ ಕೊಡಿಸುತ್ತಾನೆ, ಬಾಕಿ ಬಾಡಿಗೆಗೆ ಜಾಮೀನಾಗುತ್ತಾನೆ, ಮಾಲು ಒಡೆದ ಜಗಳ ಬಗೆಹರಿಸುತ್ತಾನೆ. ಸಹಿ ಮಾಡಿದ ಎಲ್‌ಆರ್ ಪ್ರತಿ ಕೈಸೇರದೆ ಬಾಕಿ ಬಾಡಿಗೆ ಬಿಡುಗಡೆಯಾಗದ ಪದ್ಧತಿಯೂ ಹಲವೆಡೆ ಮುಂದುವರಿದಿದೆ.

ಇಂದಿನ ಸ್ಥಿತಿ

2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಘೋಷಣೆಯಾದ ಯುಲಿಪ್ ವೇದಿಕೆ, ವಾಹನ ನೋಂದಣಿ, ಚಾಲನಾ ಪರವಾನಗಿ, ಫಾಸ್ಟ್ಯಾಗ್‌ನಂಥ ಸರ್ಕಾರಿ ದತ್ತಾಂಶಗಳನ್ನು ಖಾಸಗಿ ತಂತ್ರಾಂಶಗಳಿಗೂ ತೆರೆಯಿತು. ದಂಡ, ಟೋಲ್, ಡೀಸೆಲ್ ಉಳಿಸಿಕೊಡುವ ಸೌಲಭ್ಯಕ್ಕೆ ಸಣ್ಣ ಮಾಲೀಕ ಇಂದು ದುಡ್ಡು ಕೊಡುತ್ತಾನೆ. ಯಾವ ಲೋಡ್ ಯಾವ ಗಾಡಿಗೆ ಎಂಬ ತೀರ್ಮಾನ ಮಾತ್ರ ಸಣ್ಣ ಕಚೇರಿಗಳಲ್ಲಿ ಈಗಲೂ ಬಹುತೇಕ ಫೋನ್ ಕರೆಯಲ್ಲೂ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಆಗುತ್ತದೆ. ತಂತ್ರಾಂಶಕ್ಕೆ ಅದು ಗೊತ್ತಾಗುವುದು ಎಲ್‌ಆರ್ ಬರೆದ ಮೇಲೆ.