ಐದು ನಿಮಿಷದ ಅಚ್ಚುಕೂಟ

ಅಕ್ಷರ ಕಲಿತವರಿಗೆಲ್ಲ ಅಚ್ಚುಕೂಟ ಸಿಗಲಿಲ್ಲ. ಬರೆಯುವ ಕೈ ಒಬ್ಬರದು, ಮೊಳೆ ಜೋಡಿಸುವ ಕೈ ಇನ್ನೊಬ್ಬರದು, ಯಂತ್ರ ಮಾತ್ರ ಮೂರನೆಯವನದು. ಏನು ಅಚ್ಚಾಗಬೇಕು, ಏನು ಕಸದ ಬುಟ್ಟಿಗೆ ಹೋಗಬೇಕು ಅನ್ನೋದನ್ನ ತೀರ್ಮಾನಿಸುತ್ತಿದ್ದವನು ಆ ಮೂರನೆಯವನೇ. ಹಾಗಾಗಿ ಬ್ಲಾಗು ಎಂಬ ಹೊಸ ಅಚ್ಚುಕೂಟದ ಚರಿತ್ರೆಯನ್ನು ನೋಡುವಾಗಲೂ ನಾವು ಹಳೆಯ ಪ್ರಶ್ನೆಯನ್ನೇ ಕೇಳಬೇಕಾಗಿದೆ: ಯಂತ್ರ ಯಾರದು? ಕೀಲಿಕೈ ಯಾರ ಕೈಲಿದೆ?

1999ರ ಆಗಸ್ಟ್‌ನಲ್ಲಿ ಅಮೆರಿಕದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ 'ಬ್ಲಾಗರ್' ಅನ್ನು ಹೊರತಂದಿತು. ಹೆಸರು ಕೊಟ್ಟು ಬರೆಯಲು ಕೂತರಾಯಿತು, ಬೇರೇನೂ ಗೊತ್ತಿರಬೇಕಿಲ್ಲ. 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅದು ಪರರ ಮನೆಯ ಜಗಲಿ. ಕೂರಬಹುದು, ಮಾತಾಡಬಹುದು, ಆದರೆ ಬಾಗಿಲು ಹಾಕುವವರು ನಾವಲ್ಲ. 2006ರ ಜುಲೈನಲ್ಲಿ ಇದು ನಮ್ಮ ದೇಶದಲ್ಲೇ ರುಜುವಾತಾಯಿತು. ಸರ್ಕಾರ ತಡೆಯಲು ಹೇಳಿದ್ದು ಬೆರಳೆಣಿಕೆಯ ಪುಟಗಳನ್ನು. ಇಂಟರ್‌ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟನ್ನೇ ಮುಚ್ಚಿಬಿಟ್ಟವು. ಒಂದು ಮನೆಯ ಮೇಲಿನ ಸಿಟ್ಟಿಗೆ ಇಡೀ ಕೇರಿಗೆ ಬೀಗ!

ಸ್ವಂತ ಸೂರು ಬೇಕೆಂದವರಿಗೆ ಇನ್ನೊಂದು ದಾರಿ ಇತ್ತು. ಸರ್ವರಿನಲ್ಲಿ ಬಾಡಿಗೆಗೆ ಜಾಗ ಹಿಡಿದು, ಅಂದರೆ ಹೋಸ್ಟಿಂಗ್ ಖಾತೆ ತೆಗೆದು, ಬ್ಲಾಗಿನ ತಂತ್ರಾಂಶವನ್ನು ಅಲ್ಲಿ ತಾವೇ ಅಳವಡಿಸಿಕೊಳ್ಳುವುದು. 2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ಹೊರತಂದ 'ಮೂವಬಲ್ ಟೈಪ್' ಅಂಥದ್ದು. ಹೆಸರಿನ ಅರ್ಥವೇ ಅಚ್ಚುಮೊಳೆ.

ಅದನ್ನು ಅಳವಡಿಸುವುದು ಸುಲಭವಿರಲಿಲ್ಲ. ಫೈಲುಗಳನ್ನು ಸರ್ವರಿಗೆ ಏರಿಸಿದ ಮೇಲೆ, ಓಡಬೇಕಾದ ಫೈಲುಗಳಿಗೆ 755 ಎಂಬ ಅಂಕಿ ಕೊಡಬೇಕಿತ್ತು. ಯುನಿಕ್ಸ್ ಲೋಕದಲ್ಲಿ ಜನರು ಮೂರು ಪಂಗಡ: ಒಡೆಯ, ಗುಂಪಿನವರು, ಉಳಿದವರು. ಓದಲು 4, ಬರೆಯಲು 2, ಓಡಿಸಲು 1. ಒಡೆಯನಿಗೆ ಮೂರೂ ಕೂಡಿ 7. ಮಿಕ್ಕವರಿಗೆ 5, ಅಂದರೆ ಓದಬಹುದು, ಓಡಿಸಬಹುದು, ಬರೆಯುವ ಹಾಗಿಲ್ಲ. ಈ ಲೆಕ್ಕ ಓದಿದರೆ ನಮ್ಮಂಥವರಿಗೆ ಏನು ನೆನಪಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನಿಜವನ್ನೂ ಹೇಳಬೇಕು. ಇಲ್ಲಿ ಒಡೆತನ ಹುಟ್ಟಿನಿಂದ ಬರೋದಲ್ಲ. ಖಾತೆ ಯಾರದೋ ಅವರೇ ಒಡೆಯರು. ಆಜ್ಞೆ ಗೊತ್ತಿದ್ದರೆ ಅಂಕಿ ಬದಲಾಗುತ್ತದೆ. ಗೊತ್ತಿಲ್ಲದವನಿಗೆ ಮಾತ್ರ ಅದು ಹಣೆಬರಹ.

2004ರ ಮೇ ತಿಂಗಳಲ್ಲಿ ಮೂವಬಲ್ ಟೈಪ್ ತನ್ನ ಮೂರನೆಯ ಆವೃತ್ತಿಗೆ ಹೊಸ ಷರತ್ತು ಹಾಕಿತು. ಪುಕ್ಕಟೆ ಬೇಕಾದರೆ ಒಬ್ಬನೇ ಲೇಖಕ, ಮೂರೇ ಬ್ಲಾಗು. ಹೆಚ್ಚಿಗೆ ಬೇಕೋ, ದುಡ್ಡು ಕೊಡಿ. ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಹೋಗಲು ಅವರಿಗೊಂದು ಜಾಗ ಸಿದ್ಧವಾಗಿತ್ತು. ಅದು ಸಿದ್ಧವಾದ ಬಗೆ ನಾವು ತಿಳಿಯಬೇಕಾದ್ದು.

2001ರಲ್ಲಿ ಮಿಷೆಲ್ ವಾಲ್ಡ್ರಿಗಿ ಎಂಬ ಫ್ರಾನ್ಸಿನ ತರುಣ 'ಬಿ2' ಎಂಬ ಬ್ಲಾಗು ತಂತ್ರಾಂಶ ಬರೆದು ಹೊರಬಿಟ್ಟಿದ್ದ. ಕೆಲಕಾಲದ ನಂತರ ಆತನ ಸದ್ದಡಗಿತು. ಮಾಡಿದವನೇ ಇಲ್ಲದ ಮೇಲೆ ಮನೆ ಬೀಳಬೇಕಲ್ಲವೇ? ಬೀಳಲಿಲ್ಲ. ಯಾಕೆಂದರೆ ಬಿ2 ಇದ್ದದ್ದು ಜಿಪಿಎಲ್ ಪರವಾನಗಿಯ ಅಡಿಯಲ್ಲಿ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಈ ಪರವಾನಗಿ ಹೇಳುವುದು ಇಷ್ಟು: ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ. ಆದರೆ ತಿದ್ದಿ ಹಂಚುವಾಗ ಅದೇ ಹಕ್ಕನ್ನು ಮುಂದಿನವನಿಗೂ ಕೊಡಿ. 2003ರ ಜನವರಿಯಲ್ಲಿ ಹ್ಯೂಸ್ಟನ್‌ನ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಮ್ಯಾಟ್ ಮುಲ್ಲೆನ್‌ವೆಗ್, ಬಿ2 ಅನ್ನು ಮುಂದುವರಿಸಬೇಕೆಂಬ ಇಂಗಿತವನ್ನು ತನ್ನ ಬ್ಲಾಗಿನಲ್ಲಿ ಬರೆದ. ಇಂಗ್ಲೆಂಡಿನಿಂದ ಮೈಕ್ ಲಿಟ್ಲ್ ಕೈಜೋಡಿಸಿದ. 2003ರ ಮೇ 27ರಂದು ಅದರಿಂದ 'ವರ್ಡ್‌ಪ್ರೆಸ್' ಹುಟ್ಟಿತು. ಆ ಹೆಸರು ಸೂಚಿಸಿದವಳು ಕ್ರಿಸ್ಟೀನ್ ಸೆಲೆಕ್ ಟ್ರೆಮೂಲೆ ಎಂಬ ಹೆಣ್ಣುಮಗಳು. ಇಂದು ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಓಡುತ್ತಿರುವುದು ಇದರ ಮೇಲೆ.

ವರ್ಡ್‌ಪ್ರೆಸ್ ತನ್ನ ಅಳವಡಿಕೆಯನ್ನು 'ಐದು ನಿಮಿಷದ ಕೆಲಸ' ಎಂದೇ ಸಾರಿಕೊಂಡಿತು. ಕೆಲಸ ಇಷ್ಟೇ: ಗಂಟು ಇಳಿಸಿ ಬಿಚ್ಚು. ಹೋಸ್ಟಿಂಗ್ ಖಾತೆಯಲ್ಲಿ ಒಂದು ಡೇಟಾಬೇಸು ತೆರೆ. 'ಡಬ್ಲ್ಯೂಪಿ-ಕಾನ್ಫಿಗ್' ಎಂಬ ಫೈಲಿನಲ್ಲಿ ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡು, ಸರ್ವರಿನ ವಿಳಾಸ ಬರೆ. ಎಲ್ಲವನ್ನೂ ಎಫ್‌ಟಿಪಿಯಲ್ಲಿ ಏರಿಸು. ಬ್ರೌಸರಿನಲ್ಲಿ ಅಳವಡಿಕೆಯ ಪುಟ ತೆರೆ. ಮನೆ ಸಿದ್ಧ.

ಆದರೆ ಐದು ನಿಮಿಷ ಯಾರಿಗೆ? ಇಂಗ್ಲಿಷ್ ಬಲ್ಲವನಿಗೆ ಐದು ನಿಮಿಷ. ಕನ್ನಡದಲ್ಲಿ ಬರೆಯುವವನ ಕಷ್ಟ ಬೇರೆ. ಮೈಎಸ್‌ಕ್ಯೂಎಲ್ ಡೇಟಾಬೇಸು ಹುಟ್ಟಿದ್ದು ಸ್ವೀಡನ್ನಿನಲ್ಲಿ. ತಾನಾಗಿ ಬಿಟ್ಟರೆ ಅದು ಅಕ್ಷರಗಳನ್ನು ಇಡುತ್ತಿದ್ದದ್ದು 'ಲ್ಯಾಟಿನ್1' ಲಿಪಿಯಲ್ಲಿ, ಸ್ವೀಡಿಷ್ ಅಕಾರಾದಿಯಲ್ಲಿ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಇಂಗ್ಲಿಷಿಗೆ ಒಂದೇ ಸಾಕು. ಆ ಕಪಾಟಿನಲ್ಲಿ ನಮ್ಮ ಅಕ್ಷರಕ್ಕೆ ಖಾನೆಯೇ ಇರಲಿಲ್ಲ. ಡೇಟಾಬೇಸನ್ನು ಒಂದು ಹೋಸ್ಟಿಂಗಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಲಿಪಿಯ ಹೊಂದಿಕೆ ತಪ್ಪಿದರೆ, ಕನ್ನಡವಿದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು! ಯಾರೂ ಬೇಕೆಂದು ಮಾಡಿದ ದ್ರೋಹವಲ್ಲ ಇದು. ಮನೆ ಕಟ್ಟುವಾಗ ನಾವು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಆದರೆ ಲೆಕ್ಕಕ್ಕೆ ಬಾರದವನ ನೋವು ಅದರಿಂದ ಕಡಿಮೆಯಾಗುವುದೂ ಇಲ್ಲ. 2007ರಲ್ಲಿ ಬಂದ ವರ್ಡ್‌ಪ್ರೆಸ್ 2.2, ಲಿಪಿ ಯಾವುದೆಂದು ಹೇಳುವ ಸಾಲನ್ನು ಆ ಫೈಲಿಗೆ ಸೇರಿಸಿತು. ಮೈಎಸ್‌ಕ್ಯೂಎಲ್ ತನ್ನ ಹಳೆಯ ರೂಢಿ ಬಿಟ್ಟದ್ದು 2018ರ 8.0 ಆವೃತ್ತಿಯಲ್ಲಿ.

ಆಮೇಲೆ ಹೋಸ್ಟಿಂಗ್ ಕಂಪನಿಗಳು ಐದು ನಿಮಿಷವನ್ನು ಒಂದು ಗುಂಡಿಗೆ ಇಳಿಸಿದವು. ಒತ್ತಿದರೆ ಆಯ್ತು. ಸುಲಭವಾದದ್ದನ್ನು ನಾವು ಹಳಿಯುವುದಿಲ್ಲ. ಆದರೆ ಗುಂಡಿ ಒತ್ತಿ ಬೆಳೆದವನಿಗೆ ತನ್ನ ಡೇಟಾಬೇಸು ಎಲ್ಲಿದೆ, ಪಾಸ್‌ವರ್ಡು ಯಾವ ಫೈಲಿನಲ್ಲಿದೆ ಅನ್ನೋದೇ ತಿಳಿಯದೆ ಹೋಯಿತು. ಕಂಪನಿ ಮುನಿದ ದಿನ ಅವನು ಬರಿಗೈ.

ಮುನಿಸು ಎಲ್ಲಿಂದಲಾದರೂ ಬರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಮುಲ್ಲೆನ್‌ವೆಗ್, 'ಡಬ್ಲ್ಯೂಪಿ ಎಂಜಿನ್' ಎಂಬ ಹೋಸ್ಟಿಂಗ್ ಕಂಪನಿಯೊಡನೆ ಜಗಳಕ್ಕೆ ಬಿದ್ದು, ವರ್ಡ್‌ಪ್ರೆಸ್ಸಿನ ಮೂಲ ಭಂಡಾರದಿಂದ ಅದನ್ನು ಹೊರಗಿಟ್ಟ. ಆ ಕಂಪನಿಯಲ್ಲಿ ಜಾಗ ಹಿಡಿದಿದ್ದ ಬಡಪಾಯಿಗಳ ಪ್ಲಗಿನ್ನುಗಳಿಗೆ ಅಲ್ಲಿಂದ ಬರುತ್ತಿದ್ದ ರಿಪೇರಿ ನಿಂತಿತು. ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು ಬಾಗಿಲು ತೆಗೆಸಬೇಕಾಯಿತು. ಬಾವಿ ಎಲ್ಲರದೂ ಹೌದು, ಹಗ್ಗ ಒಬ್ಬನ ಕೈಲಿ. ಬಾವಿಯ ಕಥೆ ನಮಗೆ ಹೊಸದಲ್ಲ.

ಹಾಗಂತ ಜಗಲಿಗೇ ವಾಪಸ್ ಹೋಗಿ ಕೂರಬೇಕೇ? ಬೇಡ. ಹೋಸ್ಟಿಂಗ್ ಖಾತೆ ಬಾಡಿಗೆಯ ನೆಲ ಎಂಬುದು ನಿಜ. ಆದರೆ ಈ ಚರಿತ್ರೆ ಒಂದನ್ನು ತೋರಿಸಿದೆ: ಬಿಚ್ಚಿ ನೋಡುವ ಹಕ್ಕು ಉಳಿದಿದ್ದರೆ, ಮಾಡಿದವನು ಹೋದರೂ ಮನೆ ನಿಲ್ಲುತ್ತದೆ. ಆ ಹಕ್ಕನ್ನು ಚಲಾಯಿಸುವ ವಿದ್ಯೆ ನಮ್ಮ ಹುಡುಗ ಹುಡುಗಿಯರ ಕೈಗೆ ಬರಬೇಕು. ಡೊಮೈನ್ ಹೆಸರು ನಮ್ಮ ಹೆಸರಲ್ಲೇ ನೋಂದಣಿಯಾಗಿರಲಿ. ಫೈಲುಗಳ, ಡೇಟಾಬೇಸಿನ ಪ್ರತಿ ನಮ್ಮ ಹತ್ತಿರವೇ ಇರಲಿ. ಗುಂಡಿ ಒತ್ತುವ ಮೊದಲು, ಒಮ್ಮೆಯಾದರೂ ಆ ಫೈಲನ್ನು ತೆರೆದು ನಾಲ್ಕು ಸಾಲು ನಾವೇ ಬರೆಯೋಣ. ಒಬ್ಬ ಜಾಗ ಖಾಲಿ ಮಾಡು ಅಂದರೆ, ಗಂಟು ಹೊತ್ತು ಇನ್ನೊಂದು ಕಡೆ ಅದೇ ಅಚ್ಚುಕೂಟವನ್ನು ಮತ್ತೆ ಹೂಡೋಣ. ಐದು ನಿಮಿಷ ಸಾಲದಿದ್ದರೆ ಐದು ದಿನ ಆಗಲಿ.